ಬೋಸ್ನಿಯಾದ ‘ಇತರರು’ ಮತ್ತು ನಮ್ಮ 371(ಜೆ): ಇವೆರಡನ್ನು ಹೋಲಿಸಬಹುದೇ?

ಪ್ರಶ್ನೆ: ಗಡಿಯೂರಿನವ, ಗದಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದೇನೆ. ಕಮ್ಯುನಿಸ್ಟ್ ಆಳ್ವಿಕೆ ಮುಗಿದ ಮೇಲೆ ರೂಪುಗೊಂಡ ಒಕ್ಕೂಟ ರಾಷ್ಟ್ರಗಳಲ್ಲಿ ಕಾನೂನಿನ ಸಮಾನತೆ ಮತ್ತು ಸಾಮಾಜಿಕ ಸಮಾನತೆ ಎಂಬುದು ನನ್ನ ಪಾಲಿಗೆ ಬಂದಿರುವ ಸೆಮಿನಾರ್ ವಿಷಯ. ಬೋಸ್ನಿಯಾ ಮತ್ತು ಹರ್ಜೆಗೊವಿನಾವನ್ನು ಆರಿಸಿಕೊಂಡೆ. ಅದರ ಸಂವಿಧಾನವನ್ನು ಓದುತ್ತ ಹೋದಂತೆ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಅಲ್ಲಿಯ ಸಂವಿಧಾನದ 2ನೆಯ ವಿಧಿಯು ಲಿಂಗ, ವರ್ಣ, ಭಾಷೆ, ಧರ್ಮ, ಹುಟ್ಟು ಮುಂತಾದ ಯಾವ ಆಧಾರದ ಮೇಲೂ ತಾರತಮ್ಯ ಸಲ್ಲದು ಎನ್ನುತ್ತದೆ. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯು ದೇಶದಲ್ಲಿ ನೇರವಾಗಿ ಅನ್ವಯಿಸುತ್ತದೆ, ಉಳಿದ ಕಾನೂನುಗಳಿಗಿಂತ ಮೇಲಿರುತ್ತದೆ ಎಂದೂ ಹೇಳುತ್ತದೆ. ಕೆಲವು ಪುಟ ತಿರುವಿದರೆ 5ನೆಯ ವಿಧಿ ಬರುತ್ತದೆ. ಅದರ ಪ್ರಕಾರ ರಾಷ್ಟ್ರಾಧ್ಯಕ್ಷ ಮಂಡಳಿಯಲ್ಲಿ ಮೂವರು ಇರಬೇಕು: ಫೆಡರೇಶನ್ ಎಂಬ ಪ್ರಾಂತದಿಂದ ಒಬ್ಬ ಬೋಸ್ನಿಯಾಕ್ (ಬಹುಪಾಲು ಮುಸ್ಲಿಮರಾದ ಜನಾಂಗ) ಮತ್ತು ಒಬ್ಬ ಕ್ರೊವಾಟ್, ರೆಪುಬ್ಲಿಕಾ ಸರ್ಪ್ಸ್ಕಾ ಎಂಬ ಪ್ರಾಂತದಿಂದ ಒಬ್ಬ ಸರ್ಬ್. ಸಂಸತ್ತಿನ ಮೇಲ್ಮನೆಯಲ್ಲಿ 15 ಸ್ಥಾನಗಳಿದ್ದು, ಅವೂ ಈ ಮೂವರಿಗೆ ಐದೈದರಂತೆ ಹಂಚಿಹೋಗಿವೆ. ಪ್ರಸ್ತಾವನೆಯಲ್ಲಿ ಈ ಮೂರು ಜನರನ್ನು ಘಟಕ ಜನಾಂಗಗಳೆಂದು ಕರೆದು, ಉಳಿದವರನ್ನು ‘ಇತರರೊಂದಿಗೆ’ ಎಂಬ ಒಂದೇ ಮಾತಿನಲ್ಲಿ, ಅದೂ ಆವರಣ ಚಿಹ್ನೆಯೊಳಗೆ ಸೇರಿಸಿ ಮುಗಿಸಿದ್ದಾರೆ. ಒಂದೇ ದಾಖಲೆಯಲ್ಲಿ ಈ ಎರಡು ವಿಧಿಗಳು ಹೇಗೆ ಬಾಳುತ್ತವೆ? ಇದು ನನ್ನ ಮೊದಲ ಪ್ರಶ್ನೆ.

ಎರಡನೆಯದು ನಮ್ಮ ಮನೆಯದೇ ಪ್ರಶ್ನೆ. ನಮ್ಮೂರು ಗದಗ ಜಿಲ್ಲೆಯ ಅಂಚಿನಲ್ಲಿದೆ. ಸೋದರಮಾವನ ಊರು ಕೊಪ್ಪಳ ಜಿಲ್ಲೆಗೆ ಸೇರುತ್ತದೆ. ಎರಡೂ ಊರಿನ ಎರೆ ಹೊಲ ಒಂದೇ, ಮಳೆ ತಪ್ಪುವುದೂ ಒಂದೇ ವರ್ಷ. ಆದರೆ ಅವರದು ಒಂದು ಕಾಲಕ್ಕೆ ನಿಜಾಮನ ಸೀಮೆ, ನಮ್ಮದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಹೀಗಾಗಿ ಮಾವನ ಮಗನಿಗೆ ಕಲ್ಯಾಣ ಕರ್ನಾಟಕ ಭಾಗದವರಿಗೆಂದು ನಮ್ಮ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿ ಇದೆ, ನನಗಿಲ್ಲ. ಇಬ್ಬರೂ ಒಂದೇ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೇ ಅಂಕ ಪಡೆದಾಗ ಅವನ ಹೆಸರು ಪಟ್ಟಿಯಲ್ಲಿ ಬಂತು, ನನ್ನದು ಬರಲಿಲ್ಲ. ಈ ಹೋಲಿಕೆಯನ್ನು ಪ್ರಬಂಧದಲ್ಲಿ ತರಬೇಡ, ವಿಷಯ ದಾರಿ ತಪ್ಪುತ್ತದೆ ಎಂದು ನಮ್ಮ ಮೇಡಂ ಹೇಳಿದ್ದಾರೆ. ಅವರ ಮಾತು ಸರಿಯೇ?

ಉತ್ತರ 1: ವಕೀಲಿ ವೃತ್ತಿಯವ, ಧಾರವಾಡ

ನಿಮ್ಮ ಮೊದಲ ಪ್ರಶ್ನೆಯನ್ನು ನಿಮಗಿಂತ ಮೊದಲೇ ಇಬ್ಬರು ನ್ಯಾಯಾಲಯದಲ್ಲಿ ಕೇಳಿದ್ದಾರೆ. ದೆರ್ವೊ ಸೆಯ್ದಿಚ್ ರೋಮಾ ಸಮುದಾಯದವರು, ಯಾಕೊಬ್ ಫಿಂಚಿ ಯೆಹೂದಿ. ಅಧ್ಯಕ್ಷ ಮಂಡಳಿಗೆ ಸ್ಪರ್ಧಿಸಬಹುದೇ ಎಂದು ಫಿಂಚಿಯವರು ವಿಚಾರಿಸಿದಾಗ, ಯೆಹೂದಿ ಮೂಲದವರಾದ್ದರಿಂದ ತಾವು ಅರ್ಹರಲ್ಲ ಎಂದು ಕೇಂದ್ರ ಚುನಾವಣಾ ಆಯೋಗವು 2007ರ ಜನವರಿಯಲ್ಲಿ ಬರಹದಲ್ಲಿಯೇ ಉತ್ತರ ಕೊಟ್ಟಿತು. ತಾರತಮ್ಯದ ಮೊಕದ್ದಮೆ ನಡೆಸಿದವರಿಗೆ ಈ ಕಾಗದದ ಬೆಲೆ ಗೊತ್ತು. ನಮ್ಮಲ್ಲಿ ಯಾವ ಅಧಿಕಾರಿಯೂ ನಿಜವಾದ ಕಾರಣವನ್ನು ಹೀಗೆ ಬರೆದು, ಸಹಿ ಮಾಡಿ, ಮೊಹರು ಹೊಡೆದು ಕೊಡುವುದಿಲ್ಲ. ಅಲ್ಲಿ ಕೊಟ್ಟದ್ದು ಏಕೆಂದರೆ, ಅವರ ಪಾಲಿಗೆ ಅದು ದ್ವೇಷದ ಮಾತಾಗಿರಲಿಲ್ಲ, ಸಂವಿಧಾನದ ಸಾದಾ ಅರ್ಥವಾಗಿತ್ತು. ತೀರ್ಪು ಬರುವ ಹೊತ್ತಿಗೆ ಇದೇ ಫಿಂಚಿಯವರು ಸ್ವಿಟ್ಜರ್ಲೆಂಡಿನಲ್ಲಿ ತಮ್ಮ ದೇಶದ ರಾಯಭಾರಿಯಾಗಿದ್ದರು. ಪರದೇಶದಲ್ಲಿ ಇಡೀ ದೇಶದ ಪರವಾಗಿ ನಿಲ್ಲಬಹುದಾದ ವ್ಯಕ್ತಿ ಊರಿಗೆ ಬಂದು ಮತ ಕೇಳುವಂತಿರಲಿಲ್ಲ.

2009ರ ಡಿಸೆಂಬರ್ 22ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವು ಇದು ತಾರತಮ್ಯವೇ ಎಂದು ತೀರ್ಪಿತ್ತಿತು. ತೀರ್ಪಿನ ತರ್ಕವನ್ನು ಗಮನವಿಟ್ಟು ಓದಿ. ಈ ಮೂರು ಜನಾಂಗಗಳ ನಡುವಿನ ಯುದ್ಧ ನಿಲ್ಲಿಸುವ ಹೊತ್ತಿನಲ್ಲಿ ಈ ಹಂಚಿಕೆಗೆ ಒಂದು ನ್ಯಾಯವಾದ ಉದ್ದೇಶವಿತ್ತು, ಅದು ಶಾಂತಿಯ ಉದ್ದೇಶ ಎಂಬುದನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ; ಆದರೆ ವರ್ಷಗಳು ಕಳೆದು ಪರಿಸ್ಥಿತಿ ಸುಧಾರಿಸಿದ ಮೇಲೂ ಕೆಲವರನ್ನು ಪೂರ್ತಿಯಾಗಿ ಹೊರಗಿಡುವುದಕ್ಕೆ ಸಮರ್ಥನೆ ಉಳಿದಿಲ್ಲ ಎಂದಿತು. ಈ ಸಂವಿಧಾನವನ್ನು ಯಾವ ಸಂವಿಧಾನ ಸಭೆಯೂ ಕುಳಿತು ಚರ್ಚಿಸಿ ಬರೆಯಲಿಲ್ಲ. ಅಮೆರಿಕದ ಡೇಟನ್ ಪಟ್ಟಣದಲ್ಲಿ ಸಂಧಾನವಾಗಿ, 1995ರ ಡಿಸೆಂಬರ್ 14ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಶಾಂತಿ ಒಪ್ಪಂದದ 4ನೆಯ ಅನುಬಂಧ ಅದು. ಸಹಿ ಹಾಕಿದವರಲ್ಲಿ ಪಕ್ಕದ ಎರಡು ದೇಶಗಳ ಅಧ್ಯಕ್ಷರೂ ಇದ್ದರು. ಆದ್ದರಿಂದ 2ನೆಯ ವಿಧಿ ಪ್ರಜೆಗೆ ಬರೆದದ್ದು, 5ನೆಯ ವಿಧಿ ಬಂದೂಕು ಹಿಡಿದಿದ್ದವರಿಗೆ ಬರೆದದ್ದು ಎಂದು ನಾನು ಓದುತ್ತೇನೆ. ಎರಡೂ ಒಂದೇ ದಾಖಲೆಯಲ್ಲಿ ಬಾಳುತ್ತಿಲ್ಲ, ಜಗಳವಾಡುತ್ತಲೇ ಇವೆ. ಆ ತೀರ್ಪು ಇಂದಿಗೂ ಜಾರಿಯಾಗಿಲ್ಲ.

ಒಂದು ತಿದ್ದುಪಡಿ: ಸಮುದಾಯದ ಈ ಲೆಕ್ಕವನ್ನು ಡೇಟನ್‌ನವರು ಹೊಸದಾಗಿ ತಂದರೆಂದು ಬರೆಯಬೇಡಿ. ಬೋಸ್ನಿಯಾ ಆಗ ಸೇರಿದ್ದ ಕಮ್ಯುನಿಸ್ಟ್ ಯುಗೊಸ್ಲಾವಿಯಾದಲ್ಲಿಯೇ ಹುದ್ದೆಗಳನ್ನು ಜನಾಂಗವಾರು ಹಂಚುವ ಪದ್ಧತಿಯಿತ್ತು; ಅದನ್ನು ‘ಕ್ಲ್ಯೂಚ್’ ಎನ್ನುತ್ತಿದ್ದರು, ಎಂದರೆ ಕೀಲಿಕೈ. 1974ರ ಸಂವಿಧಾನದ ಅಧ್ಯಕ್ಷ ಮಂಡಳಿಯಲ್ಲಿ ಆರು ಗಣರಾಜ್ಯ ಮತ್ತು ಎರಡು ಸ್ವಾಯತ್ತ ಪ್ರಾಂತಗಳಿಗೆ ಒಬ್ಬೊಬ್ಬ ಪ್ರತಿನಿಧಿ ಇರುತ್ತಿದ್ದರು. 1980ರಲ್ಲಿ ಆ ದೇಶದ ನಾಯಕ ಟಿಟೊ ತೀರಿಕೊಂಡ ಮೇಲೆ ಅಧ್ಯಕ್ಷಗಿರಿ ವರ್ಷಕ್ಕೊಬ್ಬರಂತೆ ಸರದಿಯಲ್ಲಿ ತಿರುಗಿತು. ಆಗ ಈ ಹಂಚಿಕೆಯ ಮೇಲೆ ಒಂದೇ ಪಕ್ಷದ ಹಿಡಿತವಿತ್ತು. ಪಕ್ಷ ಹೋಯಿತು, ಕ್ಲ್ಯೂಚ್ ಉಳಿಯಿತು. ನಮ್ಮ ಕಡೆ ಬೀಗಕ್ಕೇ ಕೀಲಿ ಎನ್ನುವುದು ರೂಢಿ. ಬೋಸ್ನಿಯಾದ ಕೀಲಿಕೈ ಕೂಡ ಹೀಗೆಯೇ ಕೀಲಿಯಾಯಿತು ಎಂದರೆ ತಪ್ಪಾಗಲಾರದು.

ಇನ್ನು 371(ಜೆ). 98ನೆಯ ತಿದ್ದುಪಡಿಯ ಮೂಲಕ ಬಂದ ಈ ವಿಧಿಯ ಸೌಲಭ್ಯ ನಿಂತಿರುವುದು ಹುಟ್ಟಿದ ಅಥವಾ ವಾಸವಿದ್ದ ಸ್ಥಳದ ಮೇಲೆ, ವ್ಯಕ್ತಿಯ ಜಾತಿ, ಧರ್ಮ ಅಥವಾ ಭಾಷೆಯ ಮೇಲಲ್ಲ. ಅಲ್ಲಿಯ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸ್ಥಾನ ಅವರಿಗೆ ಮೀಸಲಾಗಿದ್ದರೂ ನಿಮಗೆ ಯಾವ ಬಾಗಿಲೂ ಪೂರ್ತಿ ಮುಚ್ಚಿಲ್ಲ. ಮೀಸಲು ಕ್ಷೇತ್ರಗಳನ್ನು ಎತ್ತಿ ನೀವು ವಾದಿಸಬಹುದು: ಶಿರಹಟ್ಟಿ, ಹಾವೇರಿ, ಹುಬ್ಬಳ್ಳಿ-ಧಾರವಾಡ ಪೂರ್ವ ವಿಧಾನಸಭಾ ಕ್ಷೇತ್ರಗಳಲ್ಲಿ ಪರಿಶಿಷ್ಟ ಜಾತಿಗೆ ಸೇರದವರು ನಿಲ್ಲುವಂತಿಲ್ಲವಲ್ಲ ಎಂದು. ನಿಜ, ಆದರೆ ಅವರು ಪಕ್ಕದ ಕ್ಷೇತ್ರದಲ್ಲಿ ನಿಲ್ಲಬಹುದು. ಫಿಂಚಿಯವರಿಗೆ ಪಕ್ಕದ ಕ್ಷೇತ್ರವೇ ಇರಲಿಲ್ಲ. ಅವರಿಗೆ ಮುಚ್ಚಿದ್ದು ದೇಶದ ಅತ್ಯುನ್ನತ ಹುದ್ದೆ. ನಿಮ್ಮ ಮೇಡಂ ಮಾತು ಮುಕ್ಕಾಲು ಪಾಲು ಸರಿ.

ಉತ್ತರ 2: ಕಜಾನ್‌ನಲ್ಲಿ ಓದಿದ ವೈದ್ಯೆ, ಹುಬ್ಬಳ್ಳಿ

ವಕೀಲರ ಉತ್ತರವನ್ನು ಓದಿದರೆ, ಸಮುದಾಯದ ಲೆಕ್ಕ ಬಿಟ್ಟು ವ್ಯಕ್ತಿಯ ಲೆಕ್ಕ ಹಿಡಿದರೆ ಸಮಾನತೆ ತಾನಾಗಿ ಬರುತ್ತದೆ ಎಂಬ ಭಾವನೆ ಬರಬಹುದು. ನಾನು ರಷ್ಯಾ ಒಕ್ಕೂಟದೊಳಗಿನ ಟಾಟರಸ್ತಾನ ಗಣರಾಜ್ಯದ ರಾಜಧಾನಿ ಕಜಾನ್‌ನಲ್ಲಿ ಎಂ.ಬಿ.ಬಿ.ಎಸ್. ಮಾಡಿದವಳು. ಅಲ್ಲಿ ಕಂಡದ್ದು ಇದಕ್ಕೆ ಉಲ್ಟಾ ಕಥೆ.

ಕಜಾನ್ ಮೆಟ್ರೊದಲ್ಲಿ ನಿಲ್ದಾಣದ ಹೆಸರನ್ನು ಟಾಟರ್, ರಷ್ಯನ್, ಇಂಗ್ಲಿಷ್ ಮೂರರಲ್ಲೂ ಕೂಗುತ್ತಾರೆ. ಮೊದಲ ಸಲ ಕೇಳಿದಾಗ ನಮ್ಮ ರೈಲ್ವೆ ಸ್ಟೇಷನ್ನಿನ ಕನ್ನಡ, ಹಿಂದಿ, ಇಂಗ್ಲಿಷ್ ನೆನಪಾಗಿ ಕಣ್ಣು ತುಂಬಿತ್ತು. ಟಾಟರಸ್ತಾನದ ಸಂವಿಧಾನದ ಪ್ರಕಾರ ಟಾಟರ್ ಮತ್ತು ರಷ್ಯನ್ ಎರಡೂ ಸಮಾನ ರಾಜ್ಯಭಾಷೆಗಳು. ಹಾಗಾಗಿ ಶಾಲೆಯಲ್ಲಿ ರಷ್ಯನ್ ಮಕ್ಕಳೂ ಟಾಟರ್ ಕಲಿಯಬೇಕಾಗಿತ್ತು. 2017ರ ಜುಲೈನಲ್ಲಿ ಅಧ್ಯಕ್ಷ ಪುಟಿನ್ ಅವರು, ತನ್ನ ಮಾತೃಭಾಷೆಯಲ್ಲದ ಭಾಷೆಯನ್ನು ಕಲಿಯುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದರು. ಮಾತು ಕೇಳಲಿಕ್ಕೆ ಎಷ್ಟು ನ್ಯಾಯವಾಗಿದೆ ನೋಡಿ. ಆ ಶರತ್ಕಾಲದಲ್ಲಿ ಸರ್ಕಾರಿ ಅಭಿಯೋಜಕರು ಶಾಲೆಗಳ ತಪಾಸಣೆಗೆ ಇಳಿದರು; ನವೆಂಬರ್ ಕೊನೆಗೆ ಟಾಟರಸ್ತಾನದ ಶಾಸನಸಭೆಯೇ ತಲೆಬಾಗಿ, ವಾರಕ್ಕೆ ಎರಡು ಗಂಟೆ ಮೀರದಂತೆ, ಪೋಷಕರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಟಾಟರ್ ಕಲಿಸಬಹುದೆಂದು ಒಪ್ಪಿಕೊಂಡಿತು. 2018ರ ಆಗಸ್ಟ್‌ನಲ್ಲಿ ಇದು ಇಡೀ ರಷ್ಯಾಕ್ಕೆ ಕಾನೂನಾಯಿತು. ರಷ್ಯನ್ ಭಾಷೆಗೆ ಮಾತ್ರ ಇಂಥ ಒಪ್ಪಿಗೆ ಪತ್ರ ಬೇಕಿಲ್ಲ, ಏಕೆಂದರೆ ಅದು ಒಕ್ಕೂಟದ ಭಾಷೆ. 1994ರಲ್ಲಿ ಮಾಸ್ಕೊ ಮತ್ತು ಕಜಾನ್ ನಡುವೆ ಆಗಿದ್ದ ಅಧಿಕಾರ ಹಂಚಿಕೆಯ ಒಪ್ಪಂದದ ನವೀಕೃತ ಅವಧಿಯೂ 2017ರಲ್ಲಿಯೇ ಮುಗಿಯಿತು, ಮತ್ತೆ ಮಾಡಿಕೊಳ್ಳಲಿಲ್ಲ. 2020ರ ತಿದ್ದುಪಡಿಯಂತೂ ರಷ್ಯನ್ ಭಾಷೆಯನ್ನು ‘ರಾಜ್ಯ ಕಟ್ಟಿದ ಜನಾಂಗದ ಭಾಷೆ’ ಎಂದು ಸಂವಿಧಾನದಲ್ಲಿಯೇ ಬರೆಯಿತು, ಅದೇ ವಾಕ್ಯದಲ್ಲಿ ಎಲ್ಲ ಜನಾಂಗಗಳೂ ಸಮಾನ ಎಂಬ ಮಾತನ್ನೂ ಸೇರಿಸಿತು.

ಈ ವಾದ ಕನ್ನಡಿಗರಿಗೆ ಹೊಸದಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವ ನಮ್ಮ ಸರ್ಕಾರದ ಆದೇಶ ಸುಪ್ರೀಂ ಕೋರ್ಟಿನಲ್ಲಿ 2014ರಲ್ಲಿ ಬಿದ್ದದ್ದೂ ವ್ಯಕ್ತಿಯ ಆಯ್ಕೆಯ ಹಕ್ಕಿನ ಮೇಲೆಯೇ. ಆ ತೀರ್ಪು ತಪ್ಪೆಂದು ನಾನು ಹೇಳುತ್ತಿಲ್ಲ. ನನ್ನ ಮಗಳೂ ಇಂಗ್ಲಿಷ್ ಮಾಧ್ಯಮದಲ್ಲಿಯೇ ಓದುತ್ತಾಳೆ, ಸುಳ್ಳೇಕೆ ಹೇಳಲಿ. ದೊಡ್ಡದಕ್ಕೂ ಸಣ್ಣದಕ್ಕೂ ಒಂದೇ ಅಳತೆ ಹಿಡಿದಾಗ ಸಣ್ಣದಕ್ಕೆ ಏನಾಗುತ್ತದೆ ಎಂಬುದನ್ನು ಪ್ರಬಂಧದಲ್ಲಿ ಬಿಡಬೇಡಿ ಎಂದಷ್ಟೇ ನನ್ನ ಕೋರಿಕೆ.

ಇನ್ನೊಂದು ಸಂಗತಿ. ಸೋವಿಯತ್ ಕಾಲದ ಪಾಸ್‌ಪೋರ್ಟಿನಲ್ಲಿ ಜನಾಂಗದ ಕಲಂ ಇರುತ್ತಿತ್ತು. ಜನ ಅದನ್ನು ‘ಐದನೆಯ ಕಲಂ’ ಎನ್ನುತ್ತಿದ್ದರು. ಯೆಹೂದಿಯೊಬ್ಬನಿಗೆ ಕಾಲೇಜು ಸೀಟು, ನೌಕರಿ ತಪ್ಪುತ್ತಿದ್ದುದು ಆ ಕಲಂನಿಂದಲೇ. 1997ರಲ್ಲಿ ಹೊಸ ಪಾಸ್‌ಪೋರ್ಟಿನಿಂದ ಅದನ್ನು ತೆಗೆದುಹಾಕಿದಾಗ ಆಕ್ಷೇಪಣೆ ಎದ್ದದ್ದು ಟಾಟರಸ್ತಾನದಲ್ಲಿ. ನಾನು ಬಾಡಿಗೆಗೆ ಇದ್ದ ಮನೆಯ ಅಜ್ಜಿ ತಮ್ಮ ಹಳೆಯ ಪಾಸ್‌ಪೋರ್ಟನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಹೊಸದರಲ್ಲಿ ನಾನು ಟಾಟರ್ ಎಂದು ಎಲ್ಲಿಯೂ ಬರೆದಿಲ್ಲ ಎಂದು ತೋರಿಸಿದ್ದರು.

ಉತ್ತರ 3: ನಿವೃತ್ತ ಮಾಸ್ತರ, ಹಾವೇರಿ

ತಮ್ಮಾ, ನಿನ್ನ ವಿಷಯದ ಶೀರ್ಷಿಕೆಯಲ್ಲಿ ಸಾಮಾಜಿಕ ಸಮಾನತೆ ಎಂಬ ಮಾತೂ ಇದೆ. ಇಲ್ಲಿಯವರೆಗೆ ಎಲ್ಲರೂ ವಿಧಿ, ತೀರ್ಪುಗಳನ್ನೇ ಮಾತಾಡಿದ್ದಾರೆ. ನಾನು ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಕಳೆದವನಾದ್ದರಿಂದ ಶಾಲೆಯ ಮಾತು ಹೇಳುತ್ತೇನೆ.

ಬೋಸ್ನಿಯಾದ ಫೆಡರೇಶನ್ ಭಾಗದಲ್ಲಿ ‘ಒಂದೇ ಸೂರಿನಡಿ ಎರಡು ಶಾಲೆ’ ಎಂಬ ವ್ಯವಸ್ಥೆ ಇದೆ. ಕಟ್ಟಡ ಒಂದೇ, ಆದರೆ ಬೋಸ್ನಿಯಾಕ್ ಮಕ್ಕಳಿಗೂ ಕ್ರೊವಾಟ್ ಮಕ್ಕಳಿಗೂ ಪಠ್ಯ ಬೇರೆ, ಮಾಸ್ತರರು ಬೇರೆ, ಆಡಳಿತ ಬೇರೆ. ಕೆಲವು ಕಡೆ ಬಾಗಿಲೂ ಬೇರೆ, ಇನ್ನು ಕೆಲವು ಕಡೆ ಮುಂಜಾನೆ ಒಬ್ಬರು ಮಧ್ಯಾಹ್ನ ಇನ್ನೊಬ್ಬರು. ಯುದ್ಧದಲ್ಲಿ ಓಡಿಹೋದ ಕುಟುಂಬಗಳು ಊರಿಗೆ ಮರಳಲಿ ಎಂದು ತಾತ್ಕಾಲಿಕವಾಗಿ ಮಾಡಿದ ಏರ್ಪಾಡು ಅದು. ತಾತ್ಕಾಲಿಕ ಎಂಬ ಮಾತಿನ ಆಯುಷ್ಯ ಎಷ್ಟೆಂದು ಸರ್ಕಾರಿ ನೌಕರಿ ಮಾಡಿದವರಿಗೆ ಹೇಳಬೇಕಾಗಿಲ್ಲ. 2014ರಲ್ಲಿ ಫೆಡರೇಶನ್ನಿನ ಸರ್ವೋಚ್ಚ ನ್ಯಾಯಾಲಯವೇ ಸ್ಟೊಲಾಟ್ಸ್ ಮತ್ತು ಚಾಪ್ಲಿನಾ ಊರುಗಳ ಶಾಲೆಗಳ ಬಗ್ಗೆ ಇದು ತಾರತಮ್ಯ ಎಂದು ಹೇಳಿತು. ಶಾಲೆಗಳು ನಡೆದೇ ಇದ್ದವು.

ಆ ಮಕ್ಕಳ ಭಾಷೆಗಳಿಗೆ ಬೋಸ್ನಿಯನ್, ಕ್ರೊವೇಷಿಯನ್, ಸರ್ಬಿಯನ್ ಎಂದು ಮೂರು ಹೆಸರಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ತಿಳಿಯುತ್ತದೆ. ನಮ್ಮ ಹಾವೇರಿ ಮಾತಿಗೂ ಮೈಸೂರು ಮಾತಿಗೂ ಇರುವ ಅಂತರ ಅದಕ್ಕಿಂತ ಹೆಚ್ಚೇ ಇರಬಹುದು. ಆ ದೇಶದ ಸಿಗರೇಟ್ ಪೊಟ್ಟಣದ ಮೇಲೆ ‘ಧೂಮಪಾನ ಕೊಲ್ಲುತ್ತದೆ’ ಎಂಬ ಎಚ್ಚರಿಕೆಯನ್ನು ಮೂರು ಭಾಷೆಗಳಲ್ಲಿ ಮೂರು ಸಲ ಮುದ್ರಿಸುತ್ತಾರಂತೆ. ಎರಡು ಸಾಲು ಲ್ಯಾಟಿನ್ ಲಿಪಿಯಲ್ಲಿ, ಒಂದು ಸಿರಿಲಿಕ್ ಲಿಪಿಯಲ್ಲಿ. ಮೂರರಲ್ಲೂ ಶಬ್ದ ಅವೇ ಎರಡು. ಇದು ಸಮಾನತೆಯೋ ಅಥವಾ ಸಮಾನತೆಯ ಅಣಕವೋ, ನೀನೇ ಯೋಚಿಸು.

ಯಾಯ್ಟ್ಸೆ ಎಂಬ ಊರಿನ ಮಕ್ಕಳನ್ನು ಮಾತ್ರ ಮರೆಯಬೇಡ. 2016ರಲ್ಲಿ ಅಲ್ಲಿ ಜನಾಂಗವಾರು ಇನ್ನೊಂದು ಪ್ರತ್ಯೇಕ ಪ್ರೌಢಶಾಲೆ ತೆರೆಯುವ ನಿರ್ಧಾರವಾದಾಗ, ನಾವು ಬೇರೆಯಾಗುವುದಿಲ್ಲ ಎಂದು ವಿದ್ಯಾರ್ಥಿಗಳೇ ಬೀದಿಗಿಳಿದರು. ಮರುವರ್ಷ ಸರ್ಕಾರ ಆ ನಿರ್ಧಾರವನ್ನು ಕೈಬಿಟ್ಟಿತು. 2018ರಲ್ಲಿ ಆ ಮಕ್ಕಳಿಗೆ, ಅಲ್ಪಸಂಖ್ಯಾತರ ಹಿತಕ್ಕಾಗಿ ದುಡಿದವರಿಗೆ ಕೊಡುವ ಮ್ಯಾಕ್ಸ್ ವಾನ್ ಡೆರ್ ಸ್ಟೂಲ್ ಪ್ರಶಸ್ತಿ ಬಂತು. ದೊಡ್ಡವರು ಎರಡು ದಶಕದಲ್ಲಿ ಮಾಡಲಾಗದ್ದನ್ನು ಹದಿನಾರು-ಹದಿನೇಳರ ಹುಡುಗರು ಒಂದು ವರ್ಷದಲ್ಲಿ, ಒಂದೇ ಊರಿನ ಮಟ್ಟಿಗಾದರೂ, ಮಾಡಿದರು.

ಬೋಸ್ನಿಯಾವನ್ನು ನೋಡಿ ನಗುವ ಹಕ್ಕು ನಮಗಿಲ್ಲ ಎಂಬುದಕ್ಕೆ ಒಂದು ಮಾತು. ನಾನು ಮೂರನೆಯ ಇಯತ್ತೆ ಓದುವಾಗ ನಮ್ಮೂರ ಚಹಾದಂಗಡಿಯ ಹೊರಗೋಡೆಯ ಮೊಳೆಗೆ ಕಿವಿ ಮುರಿದ ಎರಡು ಕಪ್ಪು ತೂಗುಹಾಕಿರುತ್ತಿದ್ದರು. ಕೇರಿಯವರು ಬಂದು ಅದನ್ನು ತಾವೇ ಇಳಿಸಿಕೊಂಡು, ಮೇಲಿಂದ ಸುರಿದ ಚಹಾ ಕುಡಿದು, ತಾವೇ ತೊಳೆದು ಮತ್ತೆ ಮೊಳೆಗೆ ಹಾಕುತ್ತಿದ್ದರು. ಅಸ್ಪೃಶ್ಯತೆಯನ್ನು ನಿಷೇಧಿಸಿದ ನಮ್ಮ ಸಂವಿಧಾನದ 17ನೆಯ ವಿಧಿ ಬಂದು ಆಗ ಹದಿನೇಳು ವರ್ಷ ಕಳೆದಿದ್ದವು. ನನ್ನ ಬೆಂಚಿನಲ್ಲಿಯೇ ಕೂಡುತ್ತಿದ್ದ ಗೆಳೆಯ ಆ ಕಪ್ಪಿನಲ್ಲಿ ಕುಡಿಯುತ್ತಿದ್ದ, ನಾನು ಒಳಗೆ ಕುಳಿತು ಕುಡಿಯುತ್ತಿದ್ದೆ; ಇಬ್ಬರಿಗೂ ಅದು ವಿಚಿತ್ರ ಎನಿಸಿರಲಿಲ್ಲ. ಕಾನೂನು ನಮ್ಮ ಕಡೆ ಸರಿಯಾಗಿಯೇ ಇತ್ತು, ಊರು ಇರಲಿಲ್ಲ. ಬೋಸ್ನಿಯಾದ ಹಳೆಯ ತಲೆಮಾರಿನ ಕಥೆ ಬಹುಮಟ್ಟಿಗೆ ತಿರುವುಮುರುವು: ಒಂದೇ ಓಣಿಯಲ್ಲಿ ಬದುಕಿ, ಒಬ್ಬರ ಮನೆಗೆ ಇನ್ನೊಬ್ಬರು ಹೆಣ್ಣು ಕೊಟ್ಟು ತಂದವರು. 1981ರ ಗಣತಿಯಲ್ಲಿ ಯುಗೊಸ್ಲಾವಿಯಾದ 12 ಲಕ್ಷ ಜನ ನಾವು ಯಾವ ಜನಾಂಗವೂ ಅಲ್ಲ, ಯುಗೊಸ್ಲಾವರು ಎಂದೇ ಬರೆಸಿದ್ದರು. ಅಂಥವರ ಮಕ್ಕಳು ಈಗಿನ ಸಂವಿಧಾನದಲ್ಲಿ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಇಲ್ಲವೇ ಆವರಣ ಚಿಹ್ನೆಯೊಳಗೆ ಹೋಗಬೇಕು.

ಮರುಪ್ರಶ್ನೆ: ಗಡಿಯೂರಿನವ, ಗದಗ ಜಿಲ್ಲೆ

ಮೂವರಿಗೂ ಕೃತಜ್ಞತೆಗಳು. ವೈದ್ಯೆ ಮೇಡಂ ಅವರು ಹೇಳಿದ ಟಾಟರಸ್ತಾನದ ಭಾಗವನ್ನು ಪ್ರತ್ಯೇಕ ಅಧ್ಯಾಯವಾಗಿಯೇ ಸೇರಿಸುತ್ತೇನೆ. ಮಾಸ್ತರರು ಹೇಳಿದ ಕಪ್ಪಿನ ಮಾತನ್ನು ಓದಿದ ಮೇಲೆ ಬಹಳ ಹೊತ್ತು ಬೇರೆ ಏನನ್ನೂ ಓದಲಾಗಲಿಲ್ಲ.

ವಕೀಲ ಸರ್, 371(ಜೆ) ಸ್ಥಳವನ್ನು ನೋಡುತ್ತದೆ, ವ್ಯಕ್ತಿ ಯಾರೆಂಬುದನ್ನು ನೋಡುವುದಿಲ್ಲ ಎಂದಿರಿ. ಸಮಾಧಾನವಾಗಿತ್ತು. ಆದರೆ ನಿನ್ನೆ ಮನೆಗೆ ಫೋನ್ ಮಾಡಿ ಇದನ್ನು ಹೇಳಿದಾಗ ನಮ್ಮವ್ವ ನಕ್ಕು, “ನಿಮ್ಮಣ್ಣ ಚೊಚ್ಚಲ ಅಂತ ನನ್ನ ತವರಮನ್ಯಾಗ ಹುಟ್ಟ್ಯಾನ, ಅವಂಗ ಆ ಸರ್ಟಿಫಿಕೇಟ್ ಬರಬಹುದು, ನಿನ್ನ ಹೊತ್ತಿಗೆ ಮಳಿ ಹಿಡಕೊಂಡಿತ್ತು, ಹಳ್ಳ ದಾಟಾಕ ಆಗಲಿಲ್ಲ” ಎಂದಳು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಇಬ್ಬರಲ್ಲಿ ಒಬ್ಬನಿಗೆ ಅರ್ಹತೆ, ಇನ್ನೊಬ್ಬನಿಗಿಲ್ಲ. ಹಿಂದುಳಿದಿರುವಿಕೆಯನ್ನು ತಾಲೂಕುವಾರು ಅಳೆದ ನಂಜುಂಡಪ್ಪ ಸಮಿತಿಯ ವರದಿ 2002ರಲ್ಲಿಯೇ ಇತ್ತಲ್ಲ, ಆ ಲೆಕ್ಕ ಹಿಡಿಯದೆ ಹಳೆಯ ಗಡಿಯನ್ನೇ ಏಕೆ ಹಿಡಿದರು?

ಉತ್ತರ 4: ವಕೀಲಿ ವೃತ್ತಿಯವ, ಧಾರವಾಡ

ಅವ್ವನವರು ನನ್ನ ವಾದದಲ್ಲಿ ಸರಿಯಾದ ಜಾಗವನ್ನೇ ಮುಟ್ಟಿದ್ದಾರೆ, ಒಪ್ಪಿದೆ. ಗಡಿ ಹಳೆಯದೇ ಎಂಬುದೂ ಪೂರ್ತಿ ನಿಜವಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿದ್ದರೂ 371(ಜೆ)ಯೊಳಗೆ ಸೇರಿತು. ಎಂದರೆ ರಾಜಕೀಯ ಒತ್ತಾಯಕ್ಕೆ ಆ ಗೆರೆ ಸರಿಯಬಲ್ಲದು, ಮುಂದೆಯೂ ಸರಿಯಬಹುದು.

ಬೋಸ್ನಿಯಾದಲ್ಲಿಯೂ ಸ್ಥಳದ ಪ್ರಶ್ನೆ ಇದೆ, ಅದನ್ನು ನಾನು ಮೊದಲ ಉತ್ತರದಲ್ಲಿ ಬಿಟ್ಟದ್ದು ತಪ್ಪಾಯಿತು. 2016ರ ಪಿಲಾವ್ ಪ್ರಕರಣವನ್ನು ಓದಿ. ಅವರು ಬೋಸ್ನಿಯಾಕ್, ಎಂದರೆ ಘಟಕ ಜನಾಂಗದವರೇ. ಆದರೆ ವಾಸ ಸ್ರೆಬ್ರೆನಿಕಾದಲ್ಲಿ, ಅದಿರುವುದು ರೆಪುಬ್ಲಿಕಾ ಸರ್ಪ್ಸ್ಕಾದಲ್ಲಿ. 1995ರ ಜುಲೈನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಬೋಸ್ನಿಯಾಕ್ ಗಂಡಸರನ್ನು ಮತ್ತು ಹುಡುಗರನ್ನು ಕೊಂದ ಊರು ಅದು. ಅಲ್ಲಿಗೆ ಮರಳಿ ನೆಲೆಸಿದ ಕಾರಣಕ್ಕೆ ಅವರು ಅಧ್ಯಕ್ಷ ಮಂಡಳಿಗೆ ನಿಲ್ಲುವಂತಿಲ್ಲ. ವಾಸ್ತವ್ಯವನ್ನು ಫೆಡರೇಶನ್ನಿಗೆ ಬದಲಿಸಿದರೆ ನಿಲ್ಲಬಹುದು. ಇದನ್ನೂ ಸ್ಟ್ರಾಸ್‌ಬರ್ಗ್ ತಾರತಮ್ಯವೆಂದಿತು. ನಿಮಗೆ 371(ಜೆ) ಹೋಲಿಕೆ ತರಲೇಬೇಕೆನಿಸಿದರೆ ಫಿಂಚಿಯವರ ಪಕ್ಕ ಇಡಬೇಡಿ, ಪಿಲಾವ್ ಅವರ ಪಕ್ಕ ಇಡಿ. ಅದೂ ಒಂದು ಪುಟ ಮೀರದಂತೆ.

ಅಣ್ಣನಿಗೆ ಹೇಳಿ: ಹುಟ್ಟಿದ್ದು ತವರಿನಲ್ಲಾದರೂ ಜನನ ನೋಂದಣಿ ಯಾವ ಊರಿನಲ್ಲಿ ಆಗಿದೆ ಎಂಬುದನ್ನು ಮೊದಲು ನೋಡಿಕೊಳ್ಳಲಿ. ಬಹಳ ಮಂದಿಯ ಅರ್ಜಿ ನಿಲ್ಲುವುದು ಅಲ್ಲಿಯೇ.